ಸ್ವಂತ ದುಡ್ಡಿನಲ್ಲಿ ಪುಸ್ತಕ ಅಚ್ಚು ಹಾಕಿಸಿ ಊರೂರು ಮಾರಿದ ಯಹೂದಿ ಲೇಖಕ ಯಾರು?

ಅಡಿಕೆತೋಟ:

ಎಲ್ಲರಿಗೂ ನಮಸ್ಕಾರ. ಸಾಗರದ ಕಡೆಯವನು ನಾನು. ಸಹಕಾರ ಸಂಘದಲ್ಲಿ ಲೆಕ್ಕ ಬರೆದು ನಿವೃತ್ತನಾದವ. ನಮ್ಮ ಸೀಮೆಯ ಕೆರೆಗಳ ಮೇಲೆ ಪುಸ್ತಕವೊಂದನ್ನು ಬರೆದು ನನ್ನ ದುಡ್ಡಿನಲ್ಲೇ ಅಚ್ಚು ಹಾಕಿಸಿದ್ದೇನೆ. ಇದರ ಜೊತೆಗೆ ಊರಿನ ವಾಚನಾಲಯ ನೋಡಿಕೊಳ್ಳುವುದು, ರಕ್ತದಾನ ಶಿಬಿರಕ್ಕೆ ಜನ ಸೇರಿಸುವುದು, ಸತ್ತವರ ಮನೆಗೆ ಹೋಗಿ ಪಿಂಚಣಿ ಕಾಗದ ಬರೆದುಕೊಡುವುದು ಎಲ್ಲ ನಡೆದೇ ಇದೆ. ಮೊನ್ನೆ ಒಂದು ಸಭೆಯಲ್ಲಿ ಒಬ್ಬರು ಮೈಕಿನಲ್ಲೇ "ಇವರು ಲೇಖಕರಲ್ಲ, ಪ್ರೆಸ್ಸಿನ ಗಿರಾಕಿ" ಅಂದರು. ಜನ ನಕ್ಕರು. ನಾನೂ ನಕ್ಕೆ, ಏನು ಮಾಡುವುದು.

ಬಹಳ ಹಿಂದೆ ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದು ನೆನಪಾಯಿತು. ಯುರೋಪಿನ ಕಡೆ ಒಬ್ಬ ಯಹೂದಿ ಪಂಡಿತ ತಾನೇ ಬರೆದು, ತಾನೇ ಅಚ್ಚು ಹಾಕಿಸಿ, ಊರೂರು ತಿರುಗಿ ಮಾರಿದನಂತೆ. ಊರಿನ ಕೆಲಸಕ್ಕೂ ಹೆಗಲು ಕೊಟ್ಟವನಂತೆ. ಹೆಸರು ಮರೆತಿದೆ. ಯಾರು ಅವರು? ಏನು ಬರೆದರು? ಹೊಟ್ಟೆಪಾಡು ಹೇಗೆ ನಡೆಯಿತು? ನನಗೆ ಸಮಾಧಾನ ಹೇಳುವುದು ಬೇಡ, ವಿಷಯ ಗೊತ್ತಿದ್ದವರು ವಿಷಯ ಹೇಳಿ.

ಹರಟೆಕಟ್ಟೆ:

ಸರ್, ಪುಸ್ತಕದ ಗಂಟು ಹೊತ್ತು ಮನೆ ಮನೆಗೆ ಮಾರಿದವರು ಅಂದರೆ ನನಗೆ ನಮ್ಮ ಗಳಗನಾಥರೇ ಮೊದಲು ನೆನಪಾಗುವುದು. ಯಹೂದಿ ಪಂಡಿತ ಯಾರೋ ತಿಳಿಯದು. ಬೆಳ್ಮಣ್ಣಿನ ಅಕ್ಕ ಇಸ್ರೇಲಿನಲ್ಲಿ ಇದ್ದಾರಲ್ಲ, ಅವರು ಈ ಕಡೆ ಬಂದರೆ ಹೇಳಿಯಾರು.

ಬೆಳ್ಮಣ್ಣಿನವಳು:

ಬಂದೆ ಬಂದೆ. ಇವತ್ತು ಶುಕ್ರವಾರ ಅಲ್ಲ, ಹಾಗಾಗಿ ಪುರುಸೊತ್ತು ಉಂಟು.

ಸರ್, ನೀವು ಕೇಳುತ್ತಿರುವುದು ಯಿಸ್ರಾಯೆಲ್ ಮೇಯಿರ್ ಕಗಾನ್ ಬಗ್ಗೆ ಅಂತ ನನಗೆ ಖಾತ್ರಿ. ಆದರೆ ಆ ಹೆಸರು ಹೇಳಿದರೆ ಇಲ್ಲಿ ಸುಮಾರು ಜನಕ್ಕೆ ಗೊತ್ತಾಗುವುದಿಲ್ಲ. "ಖಾಫೆಟ್ಸ್ ಖಾಯಿಮ್" ಅಂದರೆ ಮಕ್ಕಳಿಗೂ ಗೊತ್ತು. ಅದು ಅವರ ಮೊದಲ ಪುಸ್ತಕದ ಹೆಸರು. ಪುಸ್ತಕದ ಮೇಲೆ ತಮ್ಮ ಹೆಸರನ್ನೇ ಹಾಕಿಕೊಂಡಿರಲಿಲ್ಲ, ಹಾಗಾಗಿ ಪುಸ್ತಕದ ಹೆಸರೇ ಜನ ಅವರಿಗೆ ಇಟ್ಟುಬಿಟ್ಟರು.

ನನಗೆ ಹೇಗೆ ಗೊತ್ತು ಅಂದರೆ, ನಾನು ಬ್ನೇ ಬ್ರಾಕ್ ಊರಿನಲ್ಲಿ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುತ್ತೇನೆ. ನಮ್ಮ ಉಡುಪಿ, ಮಂಗಳೂರು ಕಡೆಯ ಬಹಳ ಜನ ಇಲ್ಲಿ ಇದೇ ಕೆಲಸದಲ್ಲಿ ಇದ್ದೇವೆ. ಬ್ನೇ ಬ್ರಾಕ್ ಅಂದರೆ ಕಟ್ಟಾ ಸಂಪ್ರದಾಯದ ಯಹೂದಿಗಳ ಊರು. ಮನೆಯಲ್ಲಿ ಟಿವಿ ಇಲ್ಲ, ಗೋಡೆ ತುಂಬ ಪುಸ್ತಕ. ಅಜ್ಜಿಯ ಗಂಡ ತೀರಿಕೊಂಡಿದ್ದಾರೆ, ಅವರ ಪುಸ್ತಕಗಳು ಮಾತ್ರ ದಿನಾ ಧೂಳು ಹೊಡೆಸಿಕೊಳ್ಳುತ್ತವೆ, ನನ್ನ ಕೈಯಲ್ಲಿ. ಅದರಲ್ಲಿ ಆರು ದಪ್ಪ ಸಂಪುಟ ಈ ಮನುಷ್ಯರದ್ದು. ಇವರು ಯಾರು ಅಂತ ಕೇಳಿದ್ದೇ ತಪ್ಪಾಯಿತು, ಮೊಮ್ಮಗ ಇಂಗ್ಲಿಷ್ ಅನುವಾದಗಳನ್ನು ತಂದು ಕೊಟ್ಟ. ನಾನು ಕ್ರಿಶ್ಚಿಯನ್, ನನಗೆ ಇದು ಧರ್ಮಗ್ರಂಥವಲ್ಲ. ಆದರೆ ರಾತ್ರಿ ಪಾಳಿಯಲ್ಲಿ ಓದುತ್ತಾ ಓದುತ್ತಾ ಈ ಮನುಷ್ಯನ ಮೇಲೆ ನನಗೆ ಒಂದು ಬಗೆಯ ಅಭಿಮಾನ ಬಂದಿದೆ. ಅಭಿಮಾನ ಅಂದೆ, ಭಕ್ತಿ ಅಲ್ಲ.

ಹುಟ್ಟಿದ್ದು 1838ರ ಸುಮಾರಿಗೆ, ಝೆಟಲ್ ಎಂಬ ಸಣ್ಣ ಊರಿನಲ್ಲಿ. ಆಗ ರಷ್ಯದ ಝಾರ್ ಆಳ್ವಿಕೆ, ಈಗ ಅದು ಬೆಲಾರೂಸ್. ಸಣ್ಣ ಪ್ರಾಯದಲ್ಲೇ ಅಪ್ಪ ಕಾಲರಾದಲ್ಲಿ ಹೋದರು. ಹುಡುಗ ವಿಲ್ನಾ ಪಟ್ಟಣಕ್ಕೆ ಹೋಗಿ ಓದಿದ. ತಾಯಿ ಎರಡನೇ ಮದುವೆಯಾಗಿ ರಾದಿನ್ ಎಂಬ ಊರಿಗೆ ಹೋದರು, ಇವನಿಗೆ ಆ ಮಲತಂದೆಯ ಮಗಳನ್ನೇ ತಂದುಕೊಂಡರು. ಆಕೆಯ ಹೆಸರು ಫ್ರೀಡಾ. ಈ ಹೆಸರು ನೆನಪಿಡಿ ಸರ್, ನಿಮ್ಮ ಹೊಟ್ಟೆಪಾಡಿನ ಪ್ರಶ್ನೆಗೆ ಉತ್ತರ ಇವಳೇ.

ರಾದಿನ್‌ನಲ್ಲಿ ಅವರದ್ದೊಂದು ಕಿರಾಣಿ ಅಂಗಡಿ ಇತ್ತು. ಗಲ್ಲಾದಲ್ಲಿ ಕೂರುತ್ತಿದ್ದದ್ದು ಫ್ರೀಡಾ. ಗಂಡ ಲೆಕ್ಕ ನೋಡುವುದು, ತೂಕದಲ್ಲಿ ಮೋಸ ಆಗದ ಹಾಗೆ ಕಾಯುವುದು, ಉಳಿದ ಹೊತ್ತು ಓದು. ಅವರ ಹೆಸರು ಕೇಳಿ ಗಿರಾಕಿಗಳೆಲ್ಲ ಈ ಅಂಗಡಿಗೇ ಬರತೊಡಗಿದಾಗ, ಬೇರೆ ಅಂಗಡಿಯವರಿಗೆ ವ್ಯಾಪಾರ ಇಲ್ಲದ ಹಾಗಾಗುತ್ತದೆ ಅಂತ ದಿನದ ಸ್ವಲ್ಪ ಹೊತ್ತು ಮಾತ್ರ ತೆರೆದರಂತೆ. ಭಕ್ತರು ಈ ಕಥೆ ಹೇಳಿ ಕಣ್ಣು ಒರೆಸಿಕೊಳ್ಳುತ್ತಾರೆ. ನನಗೆ ಮಾತ್ರ, ಅವತ್ತು ಸಂಜೆ ಫ್ರೀಡಾ ಏನಂದಳು ಎಂಬುದೇ ಕುತೂಹಲ. ಅದನ್ನು ಯಾರೂ ಬರೆದಿಟ್ಟಿಲ್ಲ ನೋಡಿ.

ಊರಿನ ರಬ್ಬಿಯಾಗಿ, ಅಂದರೆ ಯಹೂದಿ ಧರ್ಮಗುರುವಾಗಿ, ಸಂಬಳ ತಗೊಂಡು ಕೂತಿದ್ದರೆ ಜೀವನ ಸಲೀಸಾಗಿ ನಡೆಯುತ್ತಿತ್ತು, ಆದರೆ ಆ ಹುದ್ದೆಯಲ್ಲಿ ಅವರು ನಿಲ್ಲಲಿಲ್ಲ. 1869ರಲ್ಲಿ ರಾದಿನ್‌ನಲ್ಲಿ ಒಂದು ಯೆಶಿವಾ ಶುರು ಮಾಡಿದರು. ಯೆಶಿವಾ ಅಂದರೆ ಹುಡುಗರು ಕೂತು ಧರ್ಮಶಾಸ್ತ್ರ ಓದುವ ಶಾಲೆ. ಅಲ್ಲಿಯೂ ದುಡ್ಡು ಮಾಡಲಿಲ್ಲ. ಅಂಗಡಿ ಕೈಹಿಡಿಯದೆ ಹೋದ ಮೇಲೆ ಅವರ ಆದಾಯ ಅಂದರೆ ಪುಸ್ತಕದ್ದೇ.

ಮೊದಲ ಪುಸ್ತಕ 1873ರಲ್ಲಿ ವಿಲ್ನಾದಲ್ಲಿ ಅಚ್ಚಾಯಿತು. ವಿಷಯ ಏನು ಗೊತ್ತುಂಟಾ? ಚಾಡಿ. ಒಬ್ಬರ ಬಗ್ಗೆ ಇನ್ನೊಬ್ಬರಲ್ಲಿ ಕೆಟ್ಟದಾಗಿ ಮಾತಾಡುವುದು. ಸುಳ್ಳು ಹೇಳಬಾರದು ಅಂತ ಎಲ್ಲ ಧರ್ಮದವರೂ ಹೇಳಿದ್ದಾರೆ. ಇವರು ಹಿಡಿದದ್ದು ನಿಜವನ್ನು. ನಿಜವೇ ಆದರೂ, ಹೇಳಿದರೆ ಒಬ್ಬನ ಹೆಸರು ಕೆಡುತ್ತದೆ ಅಂತಾದರೆ ಹೇಳಬೇಡ. ಚಾಡಿಗೆ ಹತ್ತು ಅಧ್ಯಾಯ, "ಅವನು ನಿನ್ನ ಬಗ್ಗೆ ಹೀಗೆ ಹೇಳಿದ" ಅಂತ ಇಬ್ಬರ ನಡುವೆ ತಂದಿಡುವುದಕ್ಕೆ ಒಂಬತ್ತು ಅಧ್ಯಾಯ. ಚಾಡಿ ಹೇಳುವವನು ಯಹೂದಿಗಳ ಮೂಲ ಧರ್ಮಗ್ರಂಥ ತೋರಾದ ಎಷ್ಟು ಆಜ್ಞೆಗಳನ್ನು ಮೀರುವ ಅಪಾಯ ಉಂಟು ಅಂತಲೂ ಲೆಕ್ಕ ಕೊಟ್ಟಿದ್ದಾರೆ, ಮೂವತ್ತೊಂದು. ಲೆಕ್ಕದವರಿಗೆ ಇಷ್ಟ ಆಗುವ ಪುಸ್ತಕ ಸರ್, ನಿಮಗೆ ಹೇಳಿ ಮಾಡಿಸಿದ ಹಾಗಿದೆ.

ನನಗೆ ಇಷ್ಟ ಆದದ್ದು ಹತ್ತನೇ ಅಧ್ಯಾಯ. ಕೆಲವು ಸಲ ಹೇಳಲೇಬೇಕಾಗುತ್ತದೆ, ಹೇಳದಿದ್ದರೆ ಇನ್ನೊಬ್ಬರಿಗೆ ನಷ್ಟ. ಆಗ ಏನು ಮಾಡುವುದು? ಏಳು ಶರತ್ತು ಹಾಕುತ್ತಾರೆ. ನೀನೇ ಕಣ್ಣಾರೆ ಕಂಡಿರಬೇಕು, ಕೇಳಿದ್ದಾದರೆ ಆಗಲಿಕ್ಕಿಲ್ಲ. ಅದು ತಪ್ಪು ಹೌದೋ ಅಲ್ಲವೋ ಅಂತ ಅವಸರ ಮಾಡದೆ ಯೋಚಿಸಿರಬೇಕು. ಮೊದಲು ಅವನ ಮುಖಕ್ಕೇ ಮೆಲ್ಲಗೆ ಹೇಳಿ ನೋಡಿರಬೇಕು. ಇದ್ದದ್ದಕ್ಕಿಂತ ದೊಡ್ಡದು ಮಾಡಬಾರದು. ಉಪಕಾರವಾಗಲಿ ಅಂತ ಹೇಳಬೇಕೇ ಹೊರತು ಹೊಟ್ಟೆಯ ಸಿಟ್ಟಿಗಲ್ಲ. ಬೇರೆ ದಾರಿಯಲ್ಲಿ ಕೆಲಸ ಆಗುವುದಾದರೆ ಆ ದಾರಿಯನ್ನೇ ಹಿಡಿಯಬೇಕು. ಕೊನೆಗೆ, ನಿನ್ನ ಮಾತಿನಿಂದ ಅವನಿಗೆ ನ್ಯಾಯಕ್ಕಿಂತ ಹೆಚ್ಚಿನ ಪೆಟ್ಟು ಬೀಳಬಾರದು.

ನಮ್ಮ ಕೆಲಸದವರ ವಾಟ್ಸಾಪ್ ಗುಂಪು ಉಂಟು. ಊರಿಂದ ಹೊಸ ಹುಡುಗಿ ಬಂದು "ಅಕ್ಕ, ಇಂಥ ಮನೆಗೆ ಹೋಗಲಾ?" ಅಂತ ಕೇಳುತ್ತಾಳೆ. ಆ ಮನೆಯಲ್ಲಿ ಮುಂಚೆ ಇದ್ದವಳಿಗೆ ಗೊತ್ತು, ರಾತ್ರಿ ನಿದ್ದೆ ಮಾಡಲು ಬಿಡುವುದಿಲ್ಲ, ರಜೆ ಕೊಡುವುದಿಲ್ಲ ಅಂತ. ಹೇಳದಿದ್ದರೆ ಆ ಹುಡುಗಿ ಸಿಕ್ಕಿಹಾಕಿಕೊಳ್ಳುತ್ತಾಳೆ. ಅವಳಿಗೆ ಬೇಕಾದಷ್ಟು ಹೇಳಿದರೆ ಸಾಕು. ಆದರೆ ಗುಂಪಿನಲ್ಲಿ ಶುರುವಾದರೆ ಆ ಮನೆಯ ಸೊಸೆಯ ಡೈವೋರ್ಸಿನವರೆಗೂ ಹೋಗುತ್ತದೆ. 1873ರಲ್ಲಿ ಕುದುರೆಗಾಡಿಯ ಕಾಲದಲ್ಲಿ ಕೂತು ಬರೆದವರಿಗೆ ನಮ್ಮ ಗುಂಪು ಹೇಗೆ ಗೊತ್ತಾಯಿತು ಅಂತ ನಾನು ಮೊಮ್ಮಗನನ್ನು ಕೇಳಿದೆ. ಅವನು ನಗಲಿಲ್ಲ. ಅವರ ಮನೆಯಲ್ಲಿ ಇದಕ್ಕೆ ನಗುವುದಿಲ್ಲ.

ಈಗ ಮಾರಾಟದ ವಿಷಯ. ಆ ಕಾಲದ ಹೀಬ್ರೂ ಪುಸ್ತಕದ ವ್ಯವಹಾರವೇ ಬಹುಮಟ್ಟಿಗೆ ಹಾಗಿತ್ತು ಸರ್. ಲೇಖಕ ದೊಡ್ಡ ರಬ್ಬಿಗಳ ಹತ್ತಿರ ಹೋಗಿ ಒಪ್ಪಿಗೆ ಪತ್ರ ಬರೆಸಿಕೊಳ್ಳಬೇಕು, ಅದು ಪುಸ್ತಕದ ಮೊದಲ ಪುಟಗಳಲ್ಲಿ ಅಚ್ಚಾಗುತ್ತದೆ. ಮುಂಗಡ ಕೊಟ್ಟವರ ಹೆಸರಿನ ಪಟ್ಟಿಯನ್ನು ಪುಸ್ತಕದಲ್ಲೇ ಹಾಕುವ ಪದ್ಧತಿಯೂ ಇತ್ತು. ಅಚ್ಚಿನ ಖರ್ಚು ಲೇಖಕನ ತಲೆ ಮೇಲೆ. ಅಂದರೆ ನಿಮ್ಮನ್ನು ಪ್ರೆಸ್ಸಿನ ಗಿರಾಕಿ ಅಂದವರಿಗೆ ಹೇಳಿ, ಪೂರ್ವ ಯುರೋಪಿನ ಅರ್ಧ ಪಂಡಿತರು ಪ್ರೆಸ್ಸಿನ ಗಿರಾಕಿಗಳೇ. ಇವರು ಪುಸ್ತಕದ ಕಟ್ಟು ಹಿಡಿದು ಊರಿಂದ ಊರಿಗೆ ಹೋಗಿ ತಾವೇ ಮಾರಿದರು. ಮನೆಯಲ್ಲಿ ಹೆಂಡತಿ, ಮಕ್ಕಳು. ಕೆಲವು ಊರಿನಲ್ಲಿ ಚಾಡಿಯ ವಿಷಯವಾಗಿ ನಾಲ್ಕು ಮಾತೂ ಆಡುತ್ತಿದ್ದರು. ಇವರೇ ಬರೆದವರು ಅಂತ ಕೊಂಡವರಿಗೆ ಗೊತ್ತಿಲ್ಲ, ಪುಸ್ತಕ ಮಾರುವ ಯಾರೋ ಸಾಧು ಮನುಷ್ಯ ಅಂತ ತಿಳಿದರು.

ಇನ್ನು ಆ ಆರು ಸಂಪುಟ. ಅದರ ಹೆಸರು ಮಿಶ್ನಾ ಬೆರೂರಾ, 1884ರಿಂದ 1907ರವರೆಗೆ ಒಂದೊಂದಾಗಿ ಬಂತು. ಬೆಳಿಗ್ಗೆ ಎದ್ದದ್ದರಿಂದ ಹಿಡಿದು ಪ್ರಾರ್ಥನೆ, ಊಟ, ಸಬ್ಬತ್, ಹಬ್ಬ ಎಲ್ಲದರ ನಿಯಮಗಳ ವಿವರಣೆ. ಸಬ್ಬತ್ ಅಂದರೆ ಶುಕ್ರವಾರ ಸಂಜೆ ಶುರುವಾಗುವ ವಾರದ ವಿಶ್ರಾಂತಿ ದಿನ, ಅವತ್ತು ಒಲೆ ಹಚ್ಚುವ ಹಾಗಿಲ್ಲ. ಈ ಮನೆಯಲ್ಲಿ ಶುಕ್ರವಾರ ಸಂಜೆ ಬಿಸಿತಟ್ಟೆಯ ಮೇಲೆ ಯಾವ ಪಾತ್ರೆ ಇಡಬಹುದು, ಯಾವುದು ಇಡಬಾರದು ಅಂತ ನನಗೆ ಹೇಳುವುದು ಅಜ್ಜಿ, ಅಜ್ಜಿಗೆ ಹೇಳಿದ್ದು ಅವರ ಗಂಡ, ಅವರಿಗೆ ಹೇಳಿದ್ದು ಈ ಪುಸ್ತಕ. ಹಾಗೆ ನೋಡಿದರೆ ನಾನೂ ಒಂದು ಲೆಕ್ಕದಲ್ಲಿ ಅವರ ಓದುಗಳೇ.

ಊರಿನ ಸೇವೆಯ ವಿಷಯ ನಾಳೆ ಬರೆಯುತ್ತೇನೆ. ಅಜ್ಜಿ ಕರೆಯುತ್ತಿದ್ದಾರೆ.

ಮೊಳೆಅಚ್ಚು:

ಅಕ್ಕ, ಚೆನ್ನಾಗಿದೆ, ಮುಂದುವರಿಸಿ. ನಾನು ಹುಬ್ಬಳ್ಳಿಯ ಪ್ರೆಸ್ಸೊಂದರಲ್ಲಿ ಕಂಪೋಸಿಟರ್ ಆಗಿ ಶುರು ಮಾಡಿದವ, ಆಮೇಲೆ ಆಫ್‌ಸೆಟ್‌ಗೆ ಬಂದೆ. ಆ ಮಿಶ್ನಾ ಬೆರೂರಾ ಪುಟದ ಚಿತ್ರ ಈಗಷ್ಟೇ ನೋಡಿದೆ. ನಡುವೆ ಮೂಲ, ಸುತ್ತ ಅವರ ವಿವರಣೆ, ಅದಕ್ಕೆ ಇನ್ನೊಂದು ಆಳದ ಚರ್ಚೆ, ಕೆಳಗೆ ಆಕರಗಳು. ಒಂದೇ ಪುಟದಲ್ಲಿ ನಾಲ್ಕೈದು ಅಳತೆಯ ಅಕ್ಷರ. ಕೈಯಲ್ಲಿ ಮೊಳೆ ಜೋಡಿಸುವ ಕಾಲದಲ್ಲಿ ಇದನ್ನು ಕಟ್ಟುವುದಿದೆಯಲ್ಲ, ಆ ಕಂಪೋಸಿಟರನಿಗೆ ನನ್ನ ಸಾಷ್ಟಾಂಗ. ಮೇಲಿನ ಸಾಲಿನಲ್ಲಿ ಒಂದು ಪದ ಸೇರಿಸಿದರೆ ಕೆಳಗಿನದೆಲ್ಲ ಜರುಗುತ್ತದೆ, ಆಕರದ ಗುರುತು ಹಿಂದಿನ ಪುಟದಲ್ಲೇ ಉಳಿಯುತ್ತದೆ.

ಒಂದು ಪ್ರಶ್ನೆ. ಮೊಳೆ ಅಚ್ಚಿನಲ್ಲಿ ಪ್ರೂಫ್ ಸರಿ ಇದ್ದರೂ ಪ್ರತಿ ಸರಿ ಇರುತ್ತದೆ ಅಂತಿಲ್ಲ. ಓಡುವಾಗ ಮೊಳೆ ಎದ್ದು ಬೀಳುತ್ತದೆ, ಮಸಿ ಹೆಚ್ಚಾಗಿ ಅಕ್ಷರ ಮುಚ್ಚುತ್ತದೆ, ಬೈಂಡಿಂಗಿನವ ಒಂದು ಫಾರಂ ಬಿಟ್ಟೇ ಹೊಲಿಯುತ್ತಾನೆ. ಹದಿನಾರು ಪುಟ ಮಾಯ. ಕೊಂಡವನು ಬಯ್ಯುವುದು ಲೇಖಕನನ್ನು. ಇಷ್ಟು ಕಟ್ಟುನಿಟ್ಟಿನ ಮನುಷ್ಯ ಇದಕ್ಕೆ ಏನು ಮಾಡಿದರು?

ಹರಟೆಕಟ್ಟೆ:

ನನಗೂ ಒಂದು. ಈ ಮಹಾತ್ಮರ ಕಥೆಗಳಲ್ಲಿ ಎಷ್ಟು ನಿಜ? ನಮ್ಮಲ್ಲೂ ಸತ್ತ ಮೇಲೆ ಎಲ್ಲರೂ ಅಂಗಡಿ ಬೇಗ ಮುಚ್ಚಿದವರೇ. ತಪ್ಪು ತಿಳಿಯಬೇಡಿ ಅಕ್ಕ, ಕಾಲೆಳೆಯುತ್ತಿಲ್ಲ.

ಬೆಳ್ಮಣ್ಣಿನವಳು:

ಕಾಲೆಳೆದರೂ ಬೇಜಾರಿಲ್ಲ ಮಾರಾಯ್ರೆ.

ಮೊದಲು ಪ್ರೆಸ್ಸಿನ ಅಣ್ಣನಿಗೆ. ನೀವು ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ಅವರ ಪುಸ್ತಕದ ಬಗ್ಗೆ ಇಲ್ಲಿ ಯಾರನ್ನು ಕೇಳಿದರೂ ಮೊದಲು ಹೇಳುವುದೇ ಇದನ್ನು. ಅಚ್ಚಾಗಿ ಬಂದ ಹಾಳೆಗಳನ್ನು ನೋಡಿಯೇ ಕೊಡುತ್ತಿದ್ದರು, ನೋಡಲಿಕ್ಕೆ ಜನರನ್ನೂ ಇಟ್ಟಿದ್ದರು. ಪುಟ ಬಿಟ್ಟುಹೋಗಿದೆಯಾ, ಅಕ್ಷರ ಮಾಸಿದೆಯಾ ಅಂತ. ಕೆಟ್ಟ ಪುಟ ಹೊರಗೆ ಹೋದದ್ದು ಗೊತ್ತಾದರೆ ಹೊಸ ಹಾಳೆ ಅಚ್ಚು ಹಾಕಿಸಿ ಕೊಂಡವರಿಗೆ ಮುಟ್ಟಿಸುವ ವ್ಯವಸ್ಥೆ ಮಾಡಿದರು ಅಂತಲೂ ಹೇಳುತ್ತಾರೆ. ಅವರ ಲೆಕ್ಕದಲ್ಲಿ ಇದು ಅಂದಚೆಂದದ ವಿಷಯ ಅಲ್ಲ. ಪೂರ್ತಿ ಪುಸ್ತಕದ ದುಡ್ಡು ತಗೊಂಡು ಹದಿನಾರು ಪುಟ ಕಡಿಮೆ ಕೊಟ್ಟರೆ ಅದು ಕಳ್ಳತನ. ಅಂಗಡಿಯ ತಕ್ಕಡಿಯನ್ನು ಕಾದವರು ಪುಸ್ತಕದಲ್ಲಿ ಕಾಯದೆ ಬಿಡುತ್ತಾರಾ? ಇವತ್ತಿನ ಸ್ವಂತ ಪ್ರಕಾಶನದವರು, ಪ್ರಿಂಟ್ ಆನ್ ಡಿಮ್ಯಾಂಡ್ ಮಾಡಿಸುವವರು, ತಮ್ಮ ಪುಸ್ತಕದ ಒಂದು ಪ್ರತಿಯನ್ನೂ ಮುಟ್ಟಿ ನೋಡದೆ ಫೇಸ್‌ಬುಕ್ಕಿನಲ್ಲಿ "ಲಭ್ಯವಿದೆ" ಅಂತ ಹಾಕುತ್ತಾರೆ. ಸಾಗರದ ಸರ್, ಇದು ನಿಮಗಲ್ಲ.

ಇನ್ನು ಎಷ್ಟು ನಿಜ ಅಂತ ಕೇಳಿದ್ದು. ಬಹಳಷ್ಟು ಕಥೆ ಶಿಷ್ಯರ ಬಾಯಿಂದ ಬಂದದ್ದು, ಬೆಳೆದೇ ಬೆಳೆದಿರುತ್ತದೆ. ಆದರೆ ಮಗ ಅರ್ಯೇ ಲೇಬ್ ಅಪ್ಪನ ನಡೆನುಡಿಯ ಬಗ್ಗೆ ಬರೆದಿಟ್ಟಿದ್ದಾರೆ. ಆ ಮಗನ ಇನ್ನೊಂದು ಮಾತು ಭಕ್ತರಿಗೆ ನುಂಗಲಾರದ ತುತ್ತು: ಮಿಶ್ನಾ ಬೆರೂರಾದ ಕೆಲವು ಭಾಗ ತಾನು ಬರೆದದ್ದು, ಅಲ್ಲಲ್ಲಿ ಒಂದಕ್ಕೊಂದು ಹೊಂದದೆ ಇರುವುದಕ್ಕೆ ಅದೇ ಕಾರಣ ಅಂತ. ನನಗೆ ಇದನ್ನು ಕೇಳಿದ ಮೇಲೆ ಮರ್ಯಾದೆ ಹೆಚ್ಚೇ ಆಯಿತು. ಅಂಗಡಿ ಹೆಂಡತಿಯದ್ದು, ಬರವಣಿಗೆಗೆ ಮಗನೂ ಕೈಜೋಡಿಸಿದ. ಒಬ್ಬರ ಹೆಸರಿನಲ್ಲಿ ಇಡೀ ಮನೆ ದುಡಿದಿದೆ.

ಈಗ ಸೇವೆಯ ವಿಷಯ. ನಾನು ಓದಿ ಅರ್ಥ ಮಾಡಿಕೊಂಡದ್ದು ಇಷ್ಟು: ಈ ಮನುಷ್ಯರಿಗೆ ಪುಸ್ತಕ ಬೇರೆ, ಊರಿನ ಕೆಲಸ ಬೇರೆ ಆಗಿರಲಿಲ್ಲ. ಯಾರೋ ಒಬ್ಬರಿಗೆ ಏನೋ ಒಂದು ತೊಂದರೆ ಕಾಣುತ್ತದೆ, ಅವರ ಕೈಗೆ ಕೊಡಲು ಒಂದು ಪುಸ್ತಕ ಬರೆಯುತ್ತಾರೆ.

1874ರಲ್ಲಿ ಝಾರ್ ಸರ್ಕಾರ ಎಲ್ಲರಿಗೂ ಸೈನ್ಯದ ಸೇವೆ ಕಡ್ಡಾಯ ಮಾಡಿತು, ಆರು ವರ್ಷ. ಹಳ್ಳಿಯ ಯಹೂದಿ ಹುಡುಗ ಎಲ್ಲೋ ದೂರದ ಛಾವಣಿಯಲ್ಲಿ. ತಮ್ಮ ಶಾಸ್ತ್ರದ ಊಟ ಇಲ್ಲ, ಸಬ್ಬತ್ ದಿನ ಕವಾಯತು, ಕೇಳಲು ರಬ್ಬಿ ಇಲ್ಲ. 1881ರಲ್ಲಿ ಅವರಿಗಾಗಿಯೇ ಮಖನೇ ಯಿಸ್ರಾಯೆಲ್ ಎಂಬ ಪುಸ್ತಕ ತಂದರು. ಎಲ್ಲ ನಿಯಮ ಪಾಲಿಸಲು ಆಗದಿದ್ದಾಗ ಯಾವುದನ್ನು ಹೇಗೆ ಉಳಿಸಿಕೊಳ್ಳುವುದು ಅಂತ. "ಆಗದಿದ್ದರೆ ಹಾಳಾಗಿ ಹೋಗಿ" ಅನ್ನುವ ಧಾಟಿ ಅದರಲ್ಲಿ ಇಲ್ಲ.

ಅದೇ 1881ರಲ್ಲಿ ರಷ್ಯದಲ್ಲಿ ಯಹೂದಿಗಳ ಮೇಲೆ ದೊಂಬಿ ಶುರುವಾಯಿತು. ಆಮೇಲಿನ ಮೂವತ್ತು ಚಿಲ್ಲರೆ ವರ್ಷದಲ್ಲಿ ಇಪ್ಪತ್ತು ಲಕ್ಷದಷ್ಟು ಜನ ಪೂರ್ವ ಯುರೋಪು ಬಿಟ್ಟು ಹೊರಟರು, ಬಹುಪಾಲು ಅಮೆರಿಕಕ್ಕೆ. ಹೋದವರಿಗೆ ಅಂತ 1890ರ ದಶಕದಲ್ಲಿ ಇನ್ನೊಂದು ಪುಸ್ತಕ, ನಿದ್ಖೇ ಯಿಸ್ರಾಯೆಲ್. ಹೋಗಬೇಡಿ ಎಂಬುದೇ ಅವರ ಮೊದಲ ಮಾತು, ಹೋದರೆ ಮಕ್ಕಳು ಕೈತಪ್ಪುತ್ತಾರೆ ಎಂಬ ಭಯ. ಇಲ್ಲಿ ನನಗೆ ಅವರ ಮೇಲೆ ಸಿಟ್ಟು ಬರುತ್ತದೆ. ಹೊಟ್ಟೆಗಿಲ್ಲದೆ, ಜೀವಭಯದಿಂದ ಹೊರಟವರಿಗೆ ಹೋಗಬೇಡಿ ಅನ್ನುವುದು ಸುಲಭ. ಹಿಟ್ಲರನ ಕಾಲಕ್ಕೆ ಆ ಊರುಗಳಿಗೆ ಏನಾಯಿತು ಅಂತ ನಮಗೆ ಗೊತ್ತು. ರಾದಿನ್‌ನ ಯಹೂದಿಗಳನ್ನು 1942ರ ಮೇ ತಿಂಗಳಲ್ಲಿ ಗುಂಡಿಯ ಹತ್ತಿರ ನಿಲ್ಲಿಸಿ ಕೊಂದರು, ತಪ್ಪಿಸಿಕೊಂಡವರು ಕೆಲವೇ ಜನ. ಅವರಿಗೆ 1890ರಲ್ಲಿ ಇದು ತಿಳಿಯಲು ಸಾಧ್ಯ ಇರಲಿಲ್ಲ ಅಂತ ಮೊಮ್ಮಗ ಹೇಳುತ್ತಾನೆ. ಹೌದು. ಆದರೂ ನಾನು ಊರು ಬಿಟ್ಟು ಬಂದವಳು, ನನ್ನ ದೃಷ್ಟಿ ಹೋಗುವವರ ಕಡೆಗೇ. ಒಂದು ಮಾತ್ರ ಒಪ್ಪುತ್ತೇನೆ, ಹೋಗಬೇಡಿ ಅಂದವರು ಹೋದವರನ್ನು ಕೈಬಿಡಲಿಲ್ಲ. ಹೊಸ ದೇಶದಲ್ಲಿ ಹೇಗೆ ಬದುಕುವುದು ಅಂತ ಬರೆದು ಕೊಟ್ಟರು.

ನನ್ನ ಮೆಚ್ಚಿನ ಪುಸ್ತಕ 1888ರ ಅಹವತ್ ಖೆಸೆದ್. ಇದು ಪೂರ್ತಿ ಪರೋಪಕಾರದ ಕೈಪಿಡಿ. ಬಡ್ಡಿ ಇಲ್ಲದೆ ಸಾಲ ಕೊಡುವುದು, ಒತ್ತೆ ಇಟ್ಟುಕೊಂಡರೆ ಹೇಗೆ ಹಿಂದಿರುಗಿಸುವುದು, ಮನೆಗೆ ಬಂದವರನ್ನು ನೋಡಿಕೊಳ್ಳುವುದು, ರೋಗಿಯನ್ನು ಕಾಣಲು ಹೋಗುವುದು, ಸತ್ತವರಿಗೆ ಮಾಡಬೇಕಾದ್ದು. ಪಿಂಚಣಿ ಕಾಗದ ಬರೆಯುವ ನಿಮ್ಮಂಥವರು ಈ ಪುಸ್ತಕದ ಒಳಗೇ ಬರುತ್ತೀರಿ ಸರ್. "ದಾನ ಮಾಡಿ, ಪುಣ್ಯ ಬರುತ್ತದೆ" ಅಂತ ಭಾಷಣ ಬಿಗಿದು ಮುಗಿಸುವುದಿಲ್ಲ. ಇಬ್ಬರು ಸಾಲ ಕೇಳಿದರೆ ಯಾರಿಗೆ ಮೊದಲು? ಕೊಟ್ಟದ್ದು ವಾಪಸು ಬರುವ ಭರವಸೆ ಇಲ್ಲದಿದ್ದರೆ? ಸಾಲಗಾರನ ಹತ್ತಿರ ದುಡ್ಡಿಲ್ಲ ಅಂತ ಗೊತ್ತಿದ್ದರೆ, ಕೊಟ್ಟವನು ಅವನೆದುರು ಸುಳಿದಾಡಿ ಮುಜುಗರ ಮಾಡಲೂ ಬಾರದು. ಸಹಕಾರ ಸಂಘದಲ್ಲಿ ಇದ್ದವರಿಗೆ ಈ ಪ್ರಶ್ನೆಗಳ ಬಿಸಿ ಗೊತ್ತಿರುತ್ತದೆ.

ಅದರಲ್ಲೇ ಕೂಲಿಯ ವಿಷಯಕ್ಕೆ ಅಧ್ಯಾಯಗಳು ಉಂಟು. ಹಗಲು ದುಡಿದವನಿಗೆ ಬೆಳಗಾಗುವುದರ ಒಳಗೆ, ರಾತ್ರಿ ದುಡಿದವನಿಗೆ ಮರುದಿನ ಸೂರ್ಯ ಮುಳುಗುವುದರ ಒಳಗೆ ಕೂಲಿ ಕೊಡಬೇಕು. ತಿಂಗಳಿನ ಲೆಕ್ಕದ ಕೆಲಸವಾದರೆ ತಿಂಗಳು ಮುಗಿದಾಗ ಇದೇ ನಿಯಮ. ಇದು ಅವರ ಸ್ವಂತ ಮಾತಲ್ಲ, ತೋರಾದಲ್ಲಿ ಇರುವುದೇ. ಆದರೆ ಜನ ಸಬ್ಬತ್ತಿನ ಮೊಂಬತ್ತಿ ಹಚ್ಚುವ ಹೊತ್ತನ್ನು ನಿಮಿಷ ಲೆಕ್ಕ ಹಾಕಿ ನೋಡುತ್ತಾರೆ, ಕೂಲಿಯ ಹೊತ್ತು ಮರೆಯುತ್ತಾರೆ ಅಂತ ಅವರಿಗೆ ಕಂಡಿದೆ, ಅದಕ್ಕೆ ಅಷ್ಟು ಪುಟ. ಈ ಭಾಗ ಓದಿದ ತಿಂಗಳು ನಾನು ಸುಮ್ಮನೆ ಆ ಪುಸ್ತಕವನ್ನು ಅಡುಗೆಮನೆಯ ಮೇಜಿನ ಮೇಲೆ ಇಟ್ಟಿದ್ದೆ. ನನ್ನ ಅಜ್ಜಿಯ ಮಗ ಒಳ್ಳೆಯವನು, ಸಂಬಳ ತಡ ಆಗುವುದಿಲ್ಲ. ಆದರೂ ಇರಲಿ ಅಂತ.

ಇಲ್ಲಿ ಇವತ್ತಿಗೂ ಬೀದಿ ಬೀದಿಯಲ್ಲಿ "ಗೆಮಾಖ್" ಇವೆ. ಯಾರೋ ತಮ್ಮ ಮನೆಯ ಒಂದು ಕೋಣೆಯಲ್ಲಿ ಮದುವೆಯ ಬಟ್ಟೆ, ಮಗುವಿನ ತೊಟ್ಟಿಲು, ಔಷಧಿ, ಕುರ್ಚಿ, ಕೊನೆಗೆ ದುಡ್ಡನ್ನೂ ಬಡ್ಡಿ ಇಲ್ಲದೆ ಎರವಲು ಕೊಡುವುದು. ದೊಡ್ಡ ಮಟ್ಟದಲ್ಲಿ ಯಾದ್ ಸಾರಾ ಅಂತ ಸಂಸ್ಥೆ, 1976ರಲ್ಲಿ ಜೆರುಸಲೇಮಿನಲ್ಲಿ ಶುರುವಾದದ್ದು, ಹೆಚ್ಚಿನವರು ಸ್ವಯಂಸೇವಕರು. ನನ್ನ ಅಜ್ಜಿ ಕೂರುವ ಗಾಲಿಕುರ್ಚಿ ಅಲ್ಲಿಂದಲೇ ತಂದದ್ದು. ಇದೆಲ್ಲ ಇವರೊಬ್ಬರಿಂದ ಆಯಿತು ಅಂತಲ್ಲ, ಅವರ ಹಿಂದೆಯೂ ಈ ಪದ್ಧತಿ ಇತ್ತು. ಇವರು ಅದಕ್ಕೆ ಕೈಪಿಡಿ ಬರೆದರು, ಅಷ್ಟೇ. ಆ "ಅಷ್ಟೇ" ಸಣ್ಣದಲ್ಲ.

ಪ್ರಾಯ ಆದ ಮೇಲೆ ಅವರನ್ನು ಜನ ಮನೆಯಲ್ಲಿ ಕೂರಲು ಬಿಡಲಿಲ್ಲ. ಮೊದಲ ಮಹಾಯುದ್ಧದಲ್ಲಿ ಯೆಶಿವಾದ ಹುಡುಗರನ್ನು ಕಟ್ಟಿಕೊಂಡು ರಷ್ಯದ ಒಳಕ್ಕೆ ವಲಸೆ, 1921ರಲ್ಲಿ ವಾಪಸು. 1924ರಲ್ಲಿ ವಿಲ್ನಾದ ದೊಡ್ಡ ಪಂಡಿತ ಖಾಯಿಮ್ ಓಝೆರ್ ಗ್ರೊಡ್ಜೆನ್ಸ್ಕಿ ಜೊತೆ ಸೇರಿ ಬಡ ಯೆಶಿವಾಗಳಿಗೆ ದುಡ್ಡು ಎತ್ತುವ ಸಮಿತಿ ಕಟ್ಟಿದರು. ಹುಡುಗಿಯರಿಗೂ ಶಾಲೆ ಬೇಕು ಅಂತ ಬೆಂಬಲ ಕೊಟ್ಟರು. ಅವರ ಬಳಗದಲ್ಲಿ ಆಗ ಅದು ಸಣ್ಣ ಮಾತಲ್ಲ. 1933ರ ಸೆಪ್ಟೆಂಬರಿನಲ್ಲಿ ರಾದಿನ್‌ನಲ್ಲೇ ತೀರಿಕೊಂಡರು.

ಅಡಿಕೆತೋಟ:

ತಂಗಿ, ನಾನು ಕೇಳಿದ್ದು ಒಂದು ಹೆಸರು, ನೀವು ಕೊಟ್ಟದ್ದು ಇಡೀ ಮನುಷ್ಯನನ್ನು. ಸಾಲ ಕೊಟ್ಟವನು ಎದುರು ಸುಳಿದಾಡಬಾರದು ಎಂಬುದನ್ನು ನಮ್ಮ ಸಂಘದ ವಸೂಲಿ ವಿಭಾಗಕ್ಕೆ ಹೇಳಿದರೆ ನನ್ನನ್ನೇ ವಸೂಲಿ ಮಾಡುತ್ತಾರೆ!

ಎರಡು ಪ್ರಶ್ನೆ ಉಳಿದಿದೆ. ಒಂದು, ಹೆಸರು ಹಾಕದೆ ಅಚ್ಚು ಮಾಡಿದವರು ಕೊನೆಗೆ ಹೆಸರಿನಿಂದ ತಪ್ಪಿಸಿಕೊಂಡರೇ? ಎರಡು, ಇಂಗ್ಲಿಷ್ ಸುಮಾರಾಗಿ ಓದುವ ನನ್ನಂಥವನು ಯಾವುದರಿಂದ ಶುರು ಮಾಡಬೇಕು?

ಮೊಳೆಅಚ್ಚು:

ಸರ್, ಅಕ್ಕ ಉತ್ತರ ಕೊಡುವ ಮುಂಚೆ ನನ್ನದೊಂದು. ನಿಮ್ಮ ಕೆರೆಯ ಪುಸ್ತಕದ ಕಟ್ಟುಗಳನ್ನು ಬಿಚ್ಚಿ ಒಂದಷ್ಟು ಪ್ರತಿಗಳ ಪುಟ ಸಂಖ್ಯೆ ನೋಡಿ. ಆಫ್‌ಸೆಟ್ಟಿನಲ್ಲೂ ಫಾರಂ ತಲೆಕೆಳಗಾಗುತ್ತದೆ. ಮಾರುವ ಮುಂಚೆ ಕಂಡರೆ ಪ್ರೆಸ್ಸಿನವರು ಬದಲಿಸಿಕೊಡುತ್ತಾರೆ, ಮಾರಿದ ಮೇಲೆ ಯಾರೂ ಕೇಳುವುದಿಲ್ಲ. ಆಮೇಲೆ ನನಗೊಂದು ಪ್ರತಿ ಕಳಿಸಿ, ದುಡ್ಡು ಕೊಟ್ಟೇ ತಗೊಳ್ಳುತ್ತೇನೆ. ವಿಳಾಸ ಸಂದೇಶದಲ್ಲಿ ಹಾಕುತ್ತೇನೆ.

ಹರಟೆಕಟ್ಟೆ:

ನನಗೂ ಒಂದು ಪ್ರತಿ.

ಬೆಳ್ಮಣ್ಣಿನವಳು:

ಹೆಸರಿನಿಂದ ಎಲ್ಲಿ ತಪ್ಪಿಸಿಕೊಳ್ಳುವುದು ಸರ್. ಇಲ್ಲಿ ಒಂದು ಕಿಬ್ಬುಟ್ಜ್‌ಗೇ, ಅಂದರೆ ಎಲ್ಲರೂ ಸೇರಿ ದುಡಿಯುವ ಸಾಮೂಹಿಕ ಊರಿಗೇ, ಖಾಫೆಟ್ಸ್ ಖಾಯಿಮ್ ಅಂತ ಹೆಸರು, 1944ರಿಂದ. ಅಮೆರಿಕದಲ್ಲಿ ಅದೇ ಹೆಸರಿನ ಯೆಶಿವಾಗಳು. ಇಷ್ಟು ಸಾಲದು ಅಂತ ಅವರ ಸಿನಿಮಾ ಬೇರೆ. 1923ರಲ್ಲಿ ವಿಯೆನ್ನಾದಲ್ಲಿ ಸಂಪ್ರದಾಯಸ್ಥ ಯಹೂದಿಗಳ ದೊಡ್ಡ ಸಮಾವೇಶ ಆಯಿತು. ನ್ಯೂಸ್‌ರೀಲಿನವರು ಒಳಗೆ ಹೋಗುವವರನ್ನು ಚಿತ್ರ ತೆಗೆದರು. ಆ ರೀಲು ಅಮೆರಿಕದ ಸೌತ್ ಕೆರೊಲಿನಾ ವಿಶ್ವವಿದ್ಯಾಲಯದ ಸಂಗ್ರಹದಲ್ಲಿತ್ತು, 2015ರಲ್ಲಿ ಜನರ ಕಣ್ಣಿಗೆ ಬಿತ್ತು. ಕೆಲವೇ ಕ್ಷಣ, ಮಾತಿಲ್ಲ. ಗಡ್ಡ ಬಿಳಿಯಾದ ಸಣ್ಣ ಆಳು. ಟಿವಿ ಇಲ್ಲದ ಈ ಮನೆಯವರು ಅದನ್ನು ಯಾರದೋ ಫೋನಿನಲ್ಲಿ ಎಷ್ಟು ಸಲ ನೋಡಿದ್ದಾರೋ ದೇವರಿಗೇ ಗೊತ್ತು.

ಓದಲು ಮಿಶ್ನಾ ಬೆರೂರಾ ಮುಟ್ಟಬೇಡಿ, ಅದು ಆಚರಿಸುವವರಿಗೆ. ಚಾಡಿಯ ಪುಸ್ತಕವೂ ಮೊದಲಿಗೆ ಬೇಡ, ಹತ್ತು ಪುಟ ಓದಿದರೆ ಮನೆಯಲ್ಲಿ ಬಾಯಿ ಬಿಡಲು ಹೆದರಿಕೆ ಆಗುತ್ತದೆ, ನಿಮ್ಮ ಮನೆಯವರು ಏನೋ ಆಯಿತು ಅಂತ ಡಾಕ್ಟರ ಹತ್ತಿರ ಕರಕೊಂಡು ಹೋದಾರು. ಅಹವತ್ ಖೆಸೆದ್ ಇಂಗ್ಲಿಷಿನಲ್ಲಿ ಉಂಟು, ಅದರಿಂದ ಶುರು ಮಾಡಿ. ಸಾಲದ ಭಾಗ ನಿಮಗೆ ನೀರು ಕುಡಿದ ಹಾಗೆ ಇಳಿಯುತ್ತದೆ.

ನನ್ನ ಪ್ರತಿ ಕಳಿಸೋಣ ಅಂದರೆ ಅದು ನನ್ನ ಹತ್ತಿರ ಇಲ್ಲ. ಇಲ್ಲೇ ಕೆಲಸ ಮಾಡುವ ನಮ್ಮ ಊರಿನವಳೊಬ್ಬಳು ಓದಿ ಕೊಡುತ್ತೇನೆ ಅಂತ ತಗೊಂಡು ಹೋದವಳು ವಾಪಸು ಕೊಟ್ಟಿಲ್ಲ. ಎರವಲು ತಂದದ್ದನ್ನು ಹಿಂದಿರುಗಿಸುವ ಅಧ್ಯಾಯದವರೆಗೆ ಅವಳು ಇನ್ನೂ ಓದಿಲ್ಲ ಅಂತ ಕಾಣುತ್ತದೆ. ಹೆಸರು ಕೇಳಬೇಡಿ, ಏಳು ಶರತ್ತಿನಲ್ಲಿ ಮೂರನೆಯದು ಇನ್ನೂ ಬಾಕಿ ಉಂಟು. ಭಾನುವಾರ ಸಿಕ್ಕಾಗ ಮುಖಕ್ಕೇ ಕೇಳುತ್ತೇನೆ.